ಅರಗಿನ ಮುದ್ರೆ

"ಸರ ಎಲ್ಲಿ ಮಾರಿದ್ರಿ ಅಂತ ಹೇಳಿಬಿಡಿ ಅತ್ತಿಗೆ. ಸುಮ್ಮನೆ ಇವರ ಟೈಮ್ ಯಾಕೆ ಹಾಳು ಮಾಡ್ತೀರ?"

"ಬಾಯಿ ಮುಚ್ಚು! ಇನ್ನೊಂದು ಸಲ ಆ ಮಾತು ಬಂದರೆ ಇಲ್ಲೇ ಕಪಾಳಕ್ಕೆ ಬಿಗೀತೀನಿ. ಸಾಹೇಬರೇ ಸಾಕ್ಷಿ ಹೇಳಲಿ."

ವಿಮೆ ಕಚೇರಿಯ ಅಧಿಕಾರಿ ಎರಡೂ ಕೈ ಎತ್ತಿ ಸುಮ್ಮನಿರಿ ಎಂದ. ಗಾಜಿನ ಗೋಡೆಯ ಆಚೆ ಸರದಿಯಲ್ಲಿ ಕೂತಿದ್ದವರೆಲ್ಲ ಇತ್ತಲೇ ನೋಡುತ್ತಿದ್ದರು. ಅತ್ತಿಗೆ ಲಾರಿ ಪಾರ್ಸೆಲ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷದಿಂದ ಮೂಟೆ ಕಟ್ಟುವವಳು. ಅವಳ ದನಿ ಸಮಾಧಾನದಲ್ಲಿದ್ದಾಗಲೂ ಮೂರು ಲಾರಿ ದಾಟಿ ಕೇಳಿಸುತ್ತಿತ್ತು. ಪಕ್ಕದ ಕುರ್ಚಿಯಲ್ಲಿದ್ದ ನಾದಿನಿಯ ಚಿನ್ನದ ಸರದ ಕೊಂಡಿ ಮುರಿದಿತ್ತು. "ಹೇಗೂ ನಮ್ಮ ಅಕ್ಕಸಾಲಿ ಇರೋ ಊರಿಗೆ ಹೋಗ್ತೀರಲ್ಲ" ಎಂದು ನಾದಿನಿಯೇ ಅದನ್ನು ರಿಪೇರಿಗೆ ಕೊಟ್ಟು ಕಳಿಸಿದ್ದಳು. ಪ್ರಯಾಣದ ವಿಮೆಯನ್ನೂ ತಾನೇ ಮಾಡಿಸಿದ್ದಳು. ವಾಪಸು ಬರುವಾಗ ರೈಲಿನಲ್ಲಿ ಸರವಿದ್ದ ಚೀಲ ಕಳುವಾಯಿತು. ಅಂದಿನಿಂದ ಇಪ್ಪತ್ತೆರಡು ದಿನ. ಬಂಧುಗಳ ಒಂದೊಂದು ಮನೆಯಲ್ಲೂ ಅತ್ತಿಗೆಯ ಹೆಸರಿಗೆ ಕಳ್ಳಿ ಎಂಬ ಮಾತು ಅಂಟಿಕೊಂಡಿತ್ತು.

"ನೋಡಮ್ಮ," ಅಧಿಕಾರಿ ಪತ್ರವನ್ನು ಮುಂದೆ ತಳ್ಳಿದ. "ಬೆಲೆಬಾಳೋ ವಸ್ತು ಪ್ರಯಾಣದಲ್ಲಿ ಮೈಮೇಲೆ ಇರಬೇಕು, ಇಲ್ಲ ಮೈಗೆ ಕಟ್ಟಿಕೊಂಡಿರಬೇಕು. ನೀವು ಚೀಲಾನ ಸೀಟಿನ ಕೆಳಗಿಟ್ಟು ನಿದ್ದೆ ಹೋದ್ರಿ. ಅದು ನಿರ್ಲಕ್ಷ್ಯ. ಅದಕ್ಕೇ ಅರ್ಜಿ ವಜಾ."

"ಕೆಳಗಿಟ್ಟು, ಅದರ ಪಟ್ಟಿಯನ್ನ ಕಾಲಿಗೆ ಕಟ್ಟಿಕೊಂಡಿದ್ದೆ ಅಂತ ಬರೆದಿದ್ದೆನಲ್ಲ?"

"ಬರೆಯೋದು ಯಾರು ಬೇಕಾದ್ರೂ ಬರೀಬಹುದು."

"ನಾನೂ ಅದನ್ನೇ ಹೇಳ್ತಾ ಇರೋದು ಸಾರ್," ಎಂದಳು ನಾದಿನಿ.

ಅತ್ತಿಗೆ ಎದ್ದು ನಿಂತು ಕುರ್ಚಿಯನ್ನು ಹಿಂದಕ್ಕೆ ಒದ್ದಳು. ಬಲಗಾಲನ್ನು ಎತ್ತಿ ಅಧಿಕಾರಿಯ ಮೇಜಿನ ಮೇಲೆ, ಫೈಲುಗಳ ಮೇಲೆಯೇ ಇಟ್ಟಳು.

"ಏನಮ್ಮ ಇದು! ಕಾಲು ಇಳಿಸು!"

"ಮೊದಲು ನೋಡಿ, ಆಮೇಲೆ ಇಳಿಸ್ತೀನಿ." ಅವಳು ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿದಳು. ಹಿಮ್ಮಡಿಯ ಮೇಲೆ ದಪ್ಪ ಪಟ್ಟಿಯೊಂದು ಎರಡು ಸುತ್ತು ಬಿಗಿದುಕೊಂಡಿತ್ತು. ಅದರ ತುದಿ ನೀಟಾಗಿ ಕತ್ತರಿಸಿ ಹೋಗಿತ್ತು. ಗಂಟಿನ ಮೇಲೆ ಕೆಂಪು ಅರಗಿನ ಬಿಲ್ಲೆ. ಬಿಲ್ಲೆಯ ಮೇಲೆ ಪೊಲೀಸ್ ಠಾಣೆಯ ಮುದ್ರೆ.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡ. "ಏನಿದು?"

"ಪಾರ್ಸೆಲ್ಲು. ಗಂಟಿನ ಮೇಲೆ ಅರಗು ಹಾಕಿ ಮುದ್ರೆ ಒತ್ತಿದ ಮೇಲೆ ಆ ಮೂಟೇನ ಯಾರೂ ಮುಟ್ಟಿಲ್ಲ ಅಂತ ಅರ್ಥ. ಮಧ್ಯಾಹ್ನ ಜೊಂಪು ಹತ್ತಿದಾಗ ಯಾವನೋ ಪಟ್ಟಿ ಕತ್ತರಿಸಿ ಚೀಲ ಒಯ್ದ. ಇಳಿದವಳೇ ಸೀದಾ ಠಾಣೆಗೆ ಹೋದೆ. ಪಟ್ಟಿ ಬಿಚ್ಚಿಕೊಡು ಅಂದ್ರು. ಬಿಚ್ಚಿಕೊಟ್ಟರೆ ಅದು ಬರೀ ಪಟ್ಟಿ, ಕಾಲಿಗಿತ್ತು ಅಂತ ಯಾರು ನಂಬ್ತಾರೆ? ಹೀಗೇ ಮುದ್ರೆ ಒತ್ತಿ ಅಂದೆ. ಪಾಪ, ಆ ಪೇದೆ ಹೆದರಿ ಹೆದರಿ ಬಿಸಿ ಅರಗು ಸುರಿದ. ಸುಟ್ಟಿದ್ದು ಮಾತ್ರ ನನ್ನ ಕಾಲು. ದೂರಿನ ನಕಲು ನಿಮ್ಮ ಹತ್ರಾನೇ ಇದೆ, ಎರಡನೇ ಹಾಳೆ ತೆಗೀರಿ."

ಫೈಲು ಅವಳ ಪಾದದ ಕೆಳಗೇ ಇತ್ತು. ಅವನು ಮೆಲ್ಲನೆ ಎಳೆದುಕೊಂಡ. ಮೊದಲ ಹಾಳೆಯ ಮೇಲೆ ಮೂವರು ಗುಮಾಸ್ತರ ಸಹಿ ಇತ್ತು. ಎರಡನೆಯದನ್ನು ಯಾರೂ ಮಗುಚಿರಲಿಲ್ಲ. ಪಿನ್ನು ಹೊಡೆದ ಹಾಗೆಯೇ ಅಂಟಿಕೊಂಡಿತ್ತು. ಬಲಗಾಲಿಗೆ ಕಟ್ಟಿದ್ದ ಪಟ್ಟಿಯ ಗಂಟಿಗೆ ಮುದ್ರೆ ಒತ್ತಿದ್ದು, ಅದೇ ದಿನದ ತಾರೀಖು, ಎಲ್ಲವೂ ಅಲ್ಲಿತ್ತು.

"ಇಪ್ಪತ್ತೆರಡು ದಿನ... ಸ್ನಾನ?"

"ಕಾಲಿಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು. ಎರಡು ಸಲ ಬಂದಾಗಲೂ ನಿಮ್ಮ ಕೌಂಟರಿನವರು ಒಳಗೆ ಬಿಡಲಿಲ್ಲ. ಮಿಕ್ಕ ಮೈಯೆಲ್ಲ ತೊಳೆದಾಯ್ತು ಸ್ವಾಮಿ, ಈ ಕಾಲೊಂದು ನಿಮ್ಮ ದಾರಿ ಕಾಯ್ತಿತ್ತು."

ಗಾಜಿನ ಆಚೆ ಯಾರೋ ಗೊಳ್ಳೆಂದು ನಕ್ಕರು. ಅಧಿಕಾರಿ ವಜಾ ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಮಂಜೂರು ಎಂದು ಬರೆದು ಸಹಿ ಮಾಡಿದ. "ಈ ಪಟ್ಟಿ ನಮ್ಮ ಫೈಲಿಗೆ ಬೇಕಾಗುತ್ತಮ್ಮ."

"ತಗೊಳ್ಳಿ. ಮುದ್ರೆ ಒಡೆಯೋದು ಪಾರ್ಸೆಲ್ ಪಡೆದವರ ಕೆಲಸ." ಅವಳು ಕಾಲನ್ನು ನೆಲಕ್ಕೆ ಇಳಿಸಿದಳು.

ಅಧಿಕಾರಿ ಮೇಜು ಸುತ್ತಿ ಬಂದು ಅವಳ ಮುಂದೆ ಮಂಡಿಯೂರಿ ಕೂತ. ಅರಗು ಒಡೆಯಿತು. ಗಂಟು ಮಾತ್ರ ಜಗ್ಗಲಿಲ್ಲ. ಉಗುರು ಹಾಕಿದ, ಪೆನ್ನಿನ ತುದಿ ತೂರಿಸಿದ, ಬೆವರಿದ. ಅತ್ತಿಗೆ ಬಗ್ಗಿ ಎರಡು ಬೆರಳಲ್ಲಿ ಎಲ್ಲೋ ಒಂದು ಕಡೆ ಎಳೆದಳು. ಪಟ್ಟಿ ಕಳಚಿ ಅವನ ಅಂಗೈಗೆ ಬಿತ್ತು.

ನಾದಿನಿಯ ಮುಖ ಬಿಳಿಚಿಕೊಂಡಿತ್ತು. "ಅತ್ತಿಗೆ, ಇದನ್ನ ನನಗೊಂದು ಸಲ ತೋರಿಸಬಾರದಿತ್ತಾ?"

"ಹೇಗೆ ಹೋಯ್ತು ಅಂತ ಕೇಳಿದ್ರೆ ತೋರಿಸ್ತಿದ್ದೆ. ನೀನು ಎಲ್ಲಿ ಮಾರಿದೆ ಅಂತ ಕೇಳಿದೆ." ಅವಳು ಚಪ್ಪಲಿ ಮೆಟ್ಟಿಕೊಂಡಳು. "ದುಡ್ಡು ನಿನ್ನ ಹೆಸರಿಗೇ ಬರುತ್ತೆ. ಕಳ್ಳಿ ಅಂತ ಯಾರ್ಯಾರ ಮನೇಲಿ ಹೇಳಿದ್ಯೋ, ಅಷ್ಟೂ ಮನೆಗೆ ಹೋಗಿ ಈ ಕಾಗದ ಓದಿ ಹೇಳು. ಎರಡನೇ ಹಾಳೇನೂ ಓದು."

ಸರದಿಯಲ್ಲಿದ್ದವರು ಮೊಣಕಾಲು ಸರಿಸಿ ಅವಳಿಗೆ ದಾರಿ ಬಿಟ್ಟರು. ನಾದಿನಿ ಮೆಟ್ಟಿಲ ತನಕ ಓಡಿ ಬಂದು, "ಅತ್ತಿಗೆ, ಊಟಕ್ಕಾದರೂ ಮನೆಗೆ ಬನ್ನಿ!" ಎಂದು ಕೂಗಿದಳು. ಅತ್ತಿಗೆ ತಿರುಗಿ ನೋಡಲಿಲ್ಲ, ಎತ್ತಿ ಸಿಕ್ಕಿಸಿದ್ದ ಸೀರೆಯನ್ನೂ ಇಳಿಸಿಕೊಳ್ಳಲಿಲ್ಲ. ಬೀದಿಯ ಬಿಸಿಲಲ್ಲಿ ಅವಳ ಕಾಲಿನ ಸುತ್ತ ಪಟ್ಟಿ ಉಳಿಸಿದ ಎರಡು ಬಿಳಿ ಗೆರೆಗಳು ಬಳೆಯ ಹಾಗೆ ಹೊಳೆಯುತ್ತಾ ಹೋದವು. ಆ ಕಾಲು ಮತ್ತೆಂದೂ ನಾದಿನಿಯ ಹೊಸಿಲು ದಾಟಲಿಲ್ಲ.