ಅರ್ಜಿಗೆ ಬಲ

ಪಂಚಾಯಿತಿ ಕಚೇರಿಯ ಗುಮಾಸ್ತಗಿರಿಯಿಂದ ನಿವೃತ್ತರಾದ ಮೇಲೆ ಅವರು ಬೆಳಿಗ್ಗೆ ಹಿತ್ತಿಲಲ್ಲಿ ತರಕಾರಿ ಬೆಳೆಯುತ್ತಿದ್ದರು, ಮಧ್ಯಾಹ್ನ ಜಗಲಿಯಲ್ಲಿ ಕೂತು ಊರಿನವರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಆ ದಿನ ಬಂದವಳು ಬೇಲಿಯಾಚೆ ಮನೆಯ ಪುಟ್ಟಲಿಂಗಮ್ಮ. ಇಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು.

“ಒಂದು ಅರ್ಜಿ ಬರ್ಕೊಡಿ.”

“ಯಾರ ಮೇಲೆ?”

“ನಿಮ್ಮ ಮೇಲೇ. ನಿಮ್ಮ ಸೋರೆ ಬಳ್ಳಿ ನನ್ನ ಸೂರಿಗೆ ಹಬ್ಬಿ ಹೆಂಚೆಲ್ಲ ಒಡ್ದೋಗವೆ. ಊರಲ್ಲಿ ಬರಿಯೋರು ನೀವೊಬ್ರೇ, ಇನ್ಯಾರ ತಾವ ಹೋಗ್ಲಿ?”

“ನಿನ್ನ ಕೋಳಿ ನನ್ನ ಸಸಿ ಕೆದರಿದ್ದನ್ನೂ ಬರೀಲಾ?”

“ಅದನ್ನ ನಿಮ್ಮ ಅರ್ಜಿಲಿ ಬರ್ಕಳಿ.”

ಹಲ್ಲು ಕಚ್ಚಿಕೊಂಡು ನಾಲ್ಕು ಸಾಲು ಬರೆದು ಓದಿದರು. ಅವಳು ಮೂಗು ಮುರಿದಳು.

“ಇದೇನು ಇಷ್ಟು ಸಪ್ಪೆ? ನೀವು ಬರೆದ್ರೆ ತಾಲ್ಲೂಕಾಪೀಸೇ ನಡುಗ್ತದೆ ಅಂತಿದ್ರು. ರಿಟೈರಾದ್ಮೇಲೆ ಕೈ ಬಿದ್ದೋಯ್ತಾ?”

ಅವರ ಮುಖ ಕೆಂಪೇರಿತು. ಆ ಕಾಗದವನ್ನು ಹರಿದೆಸೆದು ಹೊಸ ಹಾಳೆ ತೆಗೆದುಕೊಂಡರು. ಈ ಸಲ ಪೆನ್ನು ಎಲ್ಲೂ ನಿಲ್ಲಲಿಲ್ಲ.

“ಕೇಳು,” ಎಂದು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು. “‘ಅಲ್ಲದೆ ಸದರಿಯವರು ನನ್ನ ಜಾಗವನ್ನು ಮೂರು ಅಡಿ ಒತ್ತುವರಿ ಮಾಡಿ ತಮ್ಮ ಬೇಲಿ ಹಾಕಿಕೊಂಡಿರುತ್ತಾರೆ.’ ಈಗ ಹೇಳು, ಯಾವ ಆಫೀಸರು ಇದನ್ನ ಪಕ್ಕಕ್ಕಿಡ್ತಾನೆ?”

ಪುಟ್ಟಲಿಂಗಮ್ಮ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿದಳು. ಕಾಗದ ಮಡಿಸಿ ಸೆರಗಿಗೆ ಕಟ್ಟಿಕೊಂಡಳು.

“ಬೇಲಿ ವಿಚಾರ ನಂಗೆ ಇವತ್ತೇ ಗೊತ್ತಾಗಿದ್ದು.”