ಲಾರೆನ್ಸನ ಮಣಿ

ಆ ಊರಿನಲ್ಲಿ ಗಾಜಿನ ಮಣಿ, ಊದಿದವರ ಉಸಿರಿನೊಂದಿಗೇ ಮಸುಕಾಗಿ ತಿಳಿಯಾಗುತ್ತಿತ್ತು. ಅವರು ಸತ್ತ ಗಳಿಗೆಯಲ್ಲಿ ತಿಳಿಯಾಗಿ ನಿಂತುಬಿಡುತ್ತಿತ್ತು. ಅದನ್ನು ಹೆಣದೊಂದಿಗೇ ಹೂಳುವುದು ಪದ್ಧತಿ. ಗಂಡ ಲಾರೆನ್ಸನ ಮಣಿಯನ್ನು ಮಣ್ಣಿಗೆ ಹಾಕಲು ಫಿಲೋಮಿನಾಗೆ ಮನಸ್ಸು ಬರಲಿಲ್ಲ. ತಾನು ಒಡವೆ ಕೆಲಸ ಕಲಿಸುವ ತರಗತಿಯ ಗಾಜಿನಲ್ಲಿ ಅದನ್ನು ಕರಗಿಸಿಬಿಟ್ಟಳು.

ಹುಡುಗಿಯರು ಅದೇ ಗಾಜಿನಲ್ಲಿ ಮಣಿ ಊದಿ, ಓಲೆ ಮಾಡಿ ಹಾಕಿಕೊಂಡರು.

“ಟೀಚರ್, ಎಲ್ಲರ ಮಣಿಯೂ ಒಟ್ಟಿಗೇ ಮಸುಕಾಗ್ತದಲ್ಲ, ಯಾಕೆ?” ಎಂದಳು ಹಾಜಿರಾ.

ಫಿಲೋಮಿನಾ ದಿಟ್ಟಿಸಿದಳು. ಎರಡು ಗಿಡ್ಡ ಉಸಿರು, ಒಂದು ಉದ್ದ, ಆಮೇಲೆ ಜೀವ ಹಿಂಡುವ ಬಿಡುವು. ಲಾರೆನ್ಸ್ ಸಾಯುವಾಗ ಹೀಗೇ ಎಳೆದಿದ್ದ. ಹುಡುಗಿಯರ ಎದೆಗಳೂ ಹಾಗೇ ಏರಿಳಿಯುತ್ತಿದ್ದವು.

“ಓಲೆ ತೆಗೀರಿ ಮಕ್ಕಳೇ, ಬೇಗ!”

ಮಣಿಗಳೆಲ್ಲ ಒಮ್ಮೆಲೇ ತಿಳಿಯಾದವು. ಯಾರ ಕೈಯೂ ಮೇಲೇಳಲಿಲ್ಲ.