ಕನ್ನಡಿಯ ‘ನೋಡೋಣ’

ಚಂದ್ರಮೌಳಿ ನನ್ನನ್ನು ನೋಡಲು ಬಂದದ್ದು ಅದು ಹನ್ನೆರಡನೆಯ ಸಲ. ಗೋಡೆಯ ಕನ್ನಡಿ ಪ್ರತಿ ಭೇಟಿಯಲ್ಲೂ ಸಾಕ್ಷಿ ಕೂಡಿಸಿಕೊಳ್ಳುತ್ತದೆ. ಸಾಕಷ್ಟಾದಾಗ ‘ಹೌದು’ ಅಥವಾ ‘ಬೇಡ’ ಎನ್ನುತ್ತದೆ, ಅಲ್ಲಿಯವರೆಗೆ ‘ನೋಡೋಣ’. ಅದು ಹೌದೆನ್ನದೆ ಯಾರ ಮದುವೆಯೂ ಆಗುವಂತಿಲ್ಲ.

ಅಂದೂ ಕನ್ನಡಿ “ನೋಡೋಣ” ಎಂದಿತು.

ಅವನ ತಾಯಿ ಸೆರಗು ಹೊದ್ದು ಎದ್ದೇಬಿಟ್ಟರು. “ನೋಡೋಣ ಅಂದ್ರೆ ಬೇಡ ಅಂತಾನೇ. ನಾನೂ ಎಷ್ಟು ಜನರ ಮನೇಲಿ ಹಾಗಂದು ಬಂದಿಲ್ಲ! ಏಳೋ ಮೌಳಿ.”



“ನೀನು ಹೋಗಿರಮ್ಮ. ನಾನು ಇನ್ನೊಂದು ಸೌಟು ಉಪ್ಪಿಟ್ಟು ಹಾಕಿಸ್ಕೊಂಡು ಬರ್ತೀನಿ,” ಎಂದು ಅವನು ತಟ್ಟೆ ಚಾಚಿದ.

ಅಂದು ನಾನು ಉಪ್ಪು ಹಾಕುವುದನ್ನೇ ಮರೆತಿದ್ದೆ. ಅದು ಕನ್ನಡಿಗೂ ಗೊತ್ತಿತ್ತು.

“ಹೌದು!” ಎಂದು ಕೂಗಿತು.

“ಯಾವುದಕ್ಕೆ ಹೌದು? ಹುಡುಗಿಗೋ, ಉಪ್ಪಿಟ್ಟಿಗೋ?” ಎಂದರು ತಾಯಿ.

ಬಾಯ್ತುಂಬ ತುತ್ತಿದ್ದ ಚಂದ್ರಮೌಳಿ ಚಮಚದಿಂದಲೇ ನನ್ನನ್ನು ತೋರಿಸಿದ.